ನಮ್ಮವನೊಬ್ಬ

“ಬುದ್ಧಿ, ಸೊಪ್ಪು ಎಂಬುದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?”

ಹೀಗೆ ಮಠದ ಗುರುಗಳನ್ನು ಕೇಳಿದವನು ಮರುಳಸಿದ್ಧ. ಮಠದಲ್ಲಿದ್ದುಕೊಂಡು ವ್ಯಾಕರಣವನ್ನೂ ತರ್ಕವನ್ನೂ ಓದಿ ಮುಗಿಸಿದ್ದ ಶಿಷ್ಯ. ಓದು ಮುಗಿದ ಹೊಸತರಲ್ಲಿ ಯಾರಿಗಾದರೂ ಆಗುವಂಥದ್ದೇ ಅವನಿಗೂ ಆಗಿತ್ತು. ಎದುರಿಗೆ ಬಂದ ಮಾತನ್ನೆಲ್ಲ ತಡೆದು ನಿಲ್ಲಿಸಿ, ನೀನು ಯಾರು, ಎಲ್ಲಿಂದ ಬಂದೆ, ನಿನ್ನ ಅರ್ಥವೇನು ಎಂದು ವಿಚಾರಿಸುತ್ತಿದ್ದ. ಆ ಬೆಳಿಗ್ಗೆ ಅವನ ಕೈಗೆ ಸಿಕ್ಕಿದವನು ಮಠದ ಅಡುಗೆಯ ಗುರುಶಾಂತಪ್ಪ.

ಗುರುಶಾಂತಪ್ಪ ಹೇಳಿದ್ದು ಇಷ್ಟೇ: “ತಮ್ಮಾ, ಹಿತ್ತಲಿಂದ ಒಂದಿಷ್ಟು ಸೊಪ್ಪು ಕಿತ್ತುಕೊಂಡು ಬಾ.”

“ಯಾವ ಸೊಪ್ಪು?”

“ಯಾವುದಾದ್ರೂ ಸರಿ.”

“ಯಾವುದಾದರೂ ಎಂಬ ಸೊಪ್ಪು ನಮ್ಮ ಹಿತ್ತಲಲ್ಲಿ ಇಲ್ಲವಲ್ಲ. ದಂಟಿದೆ, ಬಸಳೆ ಇದೆ, ಸಬ್ಬಸಿಗೆ ಇದೆ.”

“ಹಂಗಾದ್ರೆ ಅವುಗಳನ್ನೇ ಕೇಳು. ಇವತ್ತು ಯಾವುದಕ್ಕೆ ಸಾರಾಗೋ ಮನಸ್ಸಿದೆಯೋ ಅದನ್ನ ಕರ್ಕೊಂಡು ಬಾ.”

ಮರುಳಸಿದ್ಧ ದಂಟನ್ನು ತಂದ. ತಂದದ್ದನ್ನು ಅಡುಗೆಮನೆಗೆ ಕೊಡದೆ, ಜಗಲಿಯಲ್ಲಿ ಕುಳಿತಿದ್ದ ಗುರುಗಳ ಮುಂದೆ ಇಟ್ಟು ಆ ಪ್ರಶ್ನೆ ಕೇಳಿದ. ಕೇಳಿ ಸುಮ್ಮನಾಗಲಿಲ್ಲ, ಉತ್ತರವನ್ನೂ ತಾನೇ ಹೇಳತೊಡಗಿದ.

“ನಾವು ದಂಟನ್ನು ಕಂಡಿದ್ದೇವೆ, ಬಸಳೆಯನ್ನು ಕಂಡಿದ್ದೇವೆ. ಸೊಪ್ಪನ್ನು ಯಾರೂ ಕಂಡಿಲ್ಲ. ದಂಟೆಲ್ಲ ಸೊಪ್ಪು, ಆದರೆ ಸೊಪ್ಪೆಲ್ಲ ದಂಟಲ್ಲ. ಚಿಕ್ಕ ಮಾತು ದೊಡ್ಡ ಮಾತಿನೊಳಗೆ ಕೂರುತ್ತದೆ, ದೊಡ್ಡದು ಚಿಕ್ಕದರೊಳಗೆ ಕೂರುವುದಿಲ್ಲ. ಅಲ್ಲಿಯವರೆಗೆ ಸರಿ. ಆದರೆ ಮಾತು ದೊಡ್ಡದಾದಷ್ಟೂ ಅದು ತಿಳಿಸುವುದು ಕಡಿಮೆ. ದಂಟು ಎಂದರೆ ಬಣ್ಣ ಗೊತ್ತಾಯಿತು, ರುಚಿ ಗೊತ್ತಾಯಿತು. ಸೊಪ್ಪು ಎಂದರೆ ಅರ್ಧ ಹೋಯಿತು. ಗಿಡ ಎಂದರೆ ಇನ್ನೂ ಹೋಯಿತು. ವಸ್ತು ಎಂದುಬಿಟ್ಟರೆ ಉಳಿದದ್ದೇನು? ಹೀಗಾಗಿ ದೊಡ್ಡ ಮಾತು ತಿಳಿಯದವನ ಮಾತು, ಇಲ್ಲವೇ ಸೋಮಾರಿಯ ಮಾತು. ಬಲ್ಲವನು ಚಿಕ್ಕ ಮಾತನ್ನೇ ಆಡಬೇಕು. ಯಾರೂ ಕಾಣದ ವಸ್ತುವಿಗೆ ನಮಗೆ ಹೆಸರಾದರೂ ಏಕೆ ಬೇಕು, ಬುದ್ಧಿ?”

ಸೋಮಾರಿ ಎಂಬ ಮಾತು ಅಡುಗೆಮನೆಗೆ ಕೇಳಿಸಿತು. ಗುರುಶಾಂತಪ್ಪ ಬಾಗಿಲಿಗೆ ಬಂದು ನಿಂತ.

ಗುರುಗಳು ದಂಟಿನ ಕಟ್ಟು ಬಿಚ್ಚಿದರು. “ನೀನು ಹೇಳಿದ್ದರಲ್ಲಿ ಲೆಕ್ಕದ ತಪ್ಪಿಲ್ಲ. ಕೂತುಕೋ. ಕೈ ಸುಮ್ಮನಿರುವುದು ಬೇಡ, ಸೊಪ್ಪು ಬಿಡಿಸು. ಒಂದು ಕತೆ ಹೇಳುತ್ತೇನೆ” ಎಂದರು. ಗುರುಶಾಂತಪ್ಪನೂ ಮೊರ ತಂದು ಹತ್ತಿರ ಕುಳಿತ. ಗುರುಗಳು ಹೇಳಿದ ಕತೆ ಇದು.

ಬಯಲುಸೀಮೆಯಲ್ಲಿ ಬಾವಿ ತೋಡುವವರದೇ ಒಂದು ಹಟ್ಟಿ ಇತ್ತು. ಸುಗ್ಗಿ ಮುಗಿಯುತ್ತಲೇ ಗಂಡಸರು ಹಾರೆ, ಗುದ್ದಲಿ, ಹಗ್ಗ, ಪುಟ್ಟಿಗಳನ್ನು ಗಾಡಿಗೆ ಹೇರಿಕೊಂಡು ದೂರದ ಊರುಗಳಿಗೆ ಹೊರಡುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಮರಳಿ ಬರುತ್ತಿದ್ದರು. ಅಲ್ಲಿಯವರೆಗೆ ಹಟ್ಟಿಯಲ್ಲಿ ಹೆಂಗಸರು, ಮಕ್ಕಳು, ಮುದುಕರು. ಎಲ್ಲರೂ ಒಂದಲ್ಲ ಒಂದು ಕಡೆಯಿಂದ ಬಂಧುಗಳೇ. ಬಂಧುಗಳೆಂದ ಮೇಲೆ ಜಗಳವೂ ಇತ್ತು ಅನ್ನು.

ಬಾವಿಯ ಕೆಲಸದಲ್ಲಿ ಅವರದೊಂದು ಕ್ರಮ. ಕೆಳಗೆ ಇಳಿದವನನ್ನು ಮೇಲಿನವರು ಹೆಸರು ಹಿಡಿದು ಕೂಗುವಂತಿಲ್ಲ. ‘ಒಳಗಿನವನೇ’ ಎಂದೇ ಕೂಗಬೇಕು. ಮೇಲೆ ಹಗ್ಗ ಹಿಡಿದವನ ಮಗನೇ ಇಳಿದಿರಲಿ, ಅವನೊಡನೆ ಮಾತು ಬಿಟ್ಟ ದಾಯಾದಿಯೇ ಇಳಿದಿರಲಿ, ಇಳಿದ ಗಳಿಗೆಯಿಂದ ಅವನು ಒಳಗಿನವನು. ಹತ್ತಿ ಮೇಲೆ ಬಂದು ಮೈಮೇಲಿನ ಮಣ್ಣು ಕೊಡವಿಕೊಂಡಾಗ ಅವನಿಗೆ ಹೆಸರು ವಾಪಸು ಬರುತ್ತಿತ್ತು. ಒಮ್ಮೆ ಒಬ್ಬನನ್ನು ಹೊಸಬ ಯಾರೋ ಕೇಳಿದನಂತೆ, “ನಿಮ್ಮ ತಮ್ಮನ ಜೊತೆ ನಿಮಗೆ ಮಾತೇ ಇಲ್ಲವಲ್ಲ, ಅವನು ಕೆಳಗಿದ್ದಾಗ ಏನು ಮಾಡ್ತೀರಿ?” ಅವನು ಹೇಳಿದನಂತೆ, “ಅವನ ಜೊತೆ ಮಾತಿಲ್ಲ. ಒಳಗಿನವನ ಜೊತೆ ಐತೆ.”

ಬಾವಿ ಎಂದ ಮೇಲೆ ಎಲ್ಲ ಸಲವೂ ಎಲ್ಲರೂ ಹತ್ತಿ ಬರುವುದಿಲ್ಲ. ಮಣ್ಣು ಕುಸಿಯುತ್ತದೆ. ಬಂಡೆ ಜಾರುತ್ತದೆ. ಅಂಥ ಸುದ್ದಿಯನ್ನು ಹಟ್ಟಿಗೆ ಮುಟ್ಟಿಸುವುದಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಕೆಲಸದ ಜಾಗದಿಂದ ಒಬ್ಬ ನಡೆದು ಬರುತ್ತಿದ್ದ. ಹಟ್ಟಿಯ ಮುಂದಿನ ದಿಣ್ಣೆ ಏರಿ, ತಲೆಯ ವಸ್ತ್ರ ತೆಗೆದು, ಒಂದೇ ಮಾತು ಕೂಗುತ್ತಿದ್ದ: “ನಮ್ಮವನೊಬ್ಬ ಹೋದ.”

ಯಾರು ಎಂದು ಅವನು ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ.

ಆ ಮಾತು ಕಿವಿಗೆ ಬಿದ್ದ ಕೂಡಲೇ ಪ್ರತಿ ಮನೆಯ ಹೆಂಗಸೂ ತನ್ನ ಒಲೆಗೆ ನೀರು ಹಾಕುತ್ತಿದ್ದಳು. ಬೇಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಎಲ್ಲರೂ ಹೊರಗೆ ಬಂದು ಹಟ್ಟಿಯ ನಡುವಿನ ಬಯಲಿನಲ್ಲಿ ಒಬ್ಬರಿಗೊಬ್ಬರು ತಗುಲಿಕೊಂಡು ಕೂರುತ್ತಿದ್ದರು. ಅಷ್ಟು ಹೊತ್ತಿಗೆ ಅಳು ಹುಟ್ಟಿರುತ್ತಿತ್ತು. ಒಬ್ಬಳು ಗಂಡನನ್ನು ನೆನೆದು, ಒಬ್ಬಳು ಮಗನನ್ನು ನೆನೆದು, ಒಬ್ಬಳು ಅಣ್ಣನನ್ನು ನೆನೆದು. ಸುದ್ದಿ ತಂದವನು ಹಟ್ಟಿಯ ಹಿರಿಯಜ್ಜಿಯ ಕಿವಿಯಲ್ಲಿ ಹೆಸರು ಹೇಳುತ್ತಿದ್ದ. ಅಜ್ಜಿ ಎದ್ದು, ಕೂತವರ ಹಿಂದುಗಡೆಯಿಂದ ನಡೆದು ಬಂದು, ಸತ್ತವನ ಹೆಂಡತಿಯದೋ ತಾಯಿಯದೋ ತಲೆಯ ಮೇಲೆ ಕೈ ಇಡುತ್ತಿದ್ದಳು. ಹೆಸರನ್ನು ಅವರು ಬಾಯಲ್ಲಿ ಹೇಳುತ್ತಿರಲಿಲ್ಲ, ಹೀಗೆ ಕೈಯಲ್ಲಿ ಹೇಳುತ್ತಿದ್ದರು. ಆ ಕೈ ಬಿದ್ದ ಮೇಲೂ ಉಳಿದವರ ಅಳು ನಿಲ್ಲುತ್ತಿರಲಿಲ್ಲ. ನಿಲ್ಲಿಸುವುದು ಹೇಗೆ? ಆಗಲೇ ಅಳುತ್ತಿದ್ದರಲ್ಲ.

ಅಂದು ಹಟ್ಟಿಯಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಮಕ್ಕಳಿಗೆ ಮಂಡಕ್ಕಿ, ದೊಡ್ಡವರಿಗೆ ನೀರು. ಮರುದಿನ ಎಲ್ಲರೂ ಸೇರಿ ಮೊದಲು ಸತ್ತವನ ಮನೆಯ ಒಲೆ ಹಚ್ಚುತ್ತಿದ್ದರು. ಅಲ್ಲಿಂದ ಕೆಂಡ ತೆಗೆದುಕೊಂಡು ಹೋಗಿ ತಮ್ಮ ತಮ್ಮ ಮನೆಯ ಒಲೆ ಹಚ್ಚಿಕೊಳ್ಳುತ್ತಿದ್ದರು.

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿದರು. ಮರುಳಸಿದ್ಧ, “ಒಬ್ಬನ ಸಾವಿಗೆ ಊರನ್ನೆಲ್ಲ ಹೆದರಿಸುವುದು ಕ್ರೂರವಲ್ಲವೇ ಬುದ್ಧಿ?” ಎಂದ.

“ಆ ಹಟ್ಟಿಯ ಯಜಮಾನನಿಗೂ ಒಂದು ದಿನ ಹಾಗೇ ಅನ್ನಿಸಿತು” ಎಂದು ಗುರುಗಳು ಮುಂದುವರಿಸಿದರು.

ಯಜಮಾನ ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀನು ಅವನನ್ನು ಕೆಟ್ಟವರ ಕಡೆ ಕೂರಿಸಿಬಿಡುತ್ತೀಯೆ. ತಾನು ವಯಸ್ಸಿನಲ್ಲಿ ಬಾವಿಗೆ ಇಳಿದವನು. ಈಗ ಅವನ ಮಗ ಇಳಿಯುತ್ತಿದ್ದ. ಸೊಸೆ ಚೊಚ್ಚಲ ಬಸುರಿ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳೊಬ್ಬಳೇ ಒಳಗೆ ರಾಗಿ ಬೀಸುತ್ತಿದ್ದಳು. ದಿಣ್ಣೆಯ ಕಡೆಯಿಂದ ಕೂಗು ಕೇಳಿಸಿತು: “ನಮ್ಮವನೊಬ್ಬ ಹೋದ.” ಎದ್ದಳು. ಒಲೆಯ ಕಡೆಗೆ ಹೆಜ್ಜೆ ಇಟ್ಟವಳು ಹೊಸಲಿಗೆ ಎಡವಿ ಬಿದ್ದಳು. ಮಗು ಉಳಿಯಲಿಲ್ಲ.

ಅಂದು ಸತ್ತವನು ಬೇರೆ ಮನೆಯವನು. ಅವಳ ಗಂಡ ಕೆಲಸ ಮುಗಿಸಿಕೊಂಡು ಆರೋಗ್ಯವಾಗಿ ಮನೆಗೆ ಬಂದ. ಬಂದು, ತನ್ನ ಮಗು ಎಲ್ಲಿ ಎಂದು ಕೇಳುವ ಹಾಗೂ ಇರಲಿಲ್ಲ.

ಯಜಮಾನ ಹಟ್ಟಿಯವರನ್ನೆಲ್ಲ ಸೇರಿಸಿದ. “ಬದುಕಿರೋ ಗಂಡನಿಗೋಸ್ಕರ ನನ್ನ ಸೊಸೆ ಮಗು ಕಳ್ಕೊಂಡಳು” ಎಂದ. “ಇದಕ್ಕೆ ಯಾರು ಹೊಣೆ? ಸತ್ತವನಿಗೆ ಅಪ್ಪ ಅಮ್ಮ ಇಟ್ಟ ಹೆಸರೈತೆ. ಆ ಹೆಸರು ಹೇಳಿದರೆ ಆ ಮನೆಗೆ ಮಾತ್ರ ತಾಗುತ್ತೆ. ಅದು ಬಿಟ್ಟು ಎಲ್ಲರ ಎದೆಗೂ ಕಲ್ಲು ಹೊಡೆದು, ಆಮೇಲೆ ಒಬ್ಬಳ ತಲೆ ಮುಟ್ಟಿ ಉಳಿದವರಿಗೆ ನಿಮಗಲ್ಲ ಬಿಡಿ ಅನ್ನೋದು ಯಾವ ನ್ಯಾಯ? ಇನ್ಮೇಲೆ ದಿಣ್ಣೆ ಮೇಲೆ ನಿಂತವನು ಹೆಸರು ಹೇಳಲಿ.”

ಯಾರೂ ಎದುರಾಡಲಿಲ್ಲ. ಎದುರಾಡುವುದಕ್ಕೆ ಅವನ ಮಾತಿನಲ್ಲಿ ಏನೂ ಇರಲಿಲ್ಲ. ಹಿರಿಯಜ್ಜಿಯ ಕಡೆ ಎಲ್ಲರೂ ನೋಡಿದರು.

“ನೀನು ಹೇಳೋದು ಸರಿ ಕಣಪ್ಪ” ಎಂದಳು ಅಜ್ಜಿ. “ಆ ಹುಡುಗಿ ಮುಖ ನೋಡಿದ್ರೆ ನನಗೂ ಹಂಗೇ ಅನ್ನಿಸ್ತದೆ. ಆದ್ರೂ ಬೇಡ ಅನ್ನಿಸ್ತದೆ.”

“ಯಾಕೆ ಬೇಡ, ಅಜ್ಜಿ?”

“ಅದು ನನಗೆ ಹೇಳೋಕೆ ಬರಲ್ಲ.”

“ಹೇಳೋಕೆ ಬರದೇ ಇರೋದಕ್ಕೆ ಇನ್ನೊಂದು ಮಗು ಕೊಡ್ಲಾ?” ಎಂದ ಯಜಮಾನ. ಅಜ್ಜಿ ತಲೆ ಬಗ್ಗಿಸಿದಳು. ಹೆಸರು ಕೂಗುವುದೆಂದು ತೀರ್ಮಾನವಾಯಿತು.

ನೋಡು, ಅವನು ಮಾಡಿದ್ದು ನೀನು ಮಾಡಿದ ಲೆಕ್ಕವನ್ನೇ. ‘ನಮ್ಮವನೊಬ್ಬ’ ಎಂದರೆ ಯಾರು ಬೇಕಾದರೂ ಆಗಬಹುದು. ಹಾಗೆಂದ ಮೇಲೆ ಅದು ಏನನ್ನೂ ತಿಳಿಸುವುದಿಲ್ಲ. ‘ನಮ್ಮವನೊಬ್ಬ’ನನ್ನು ಯಾರೂ ಕಂಡಿಲ್ಲ. ಅವನಿಗೆ ಮುಖವಿಲ್ಲ, ಮನೆಯಿಲ್ಲ. ಮುಖವಿರುವುದು ಹೆಸರಿಗೆ. ತಿಳಿದವನು ದಿಣ್ಣೆಯ ಮೇಲೆ ನಿಂತು ತಿಳಿದದ್ದನ್ನು ಮುಚ್ಚಿಟ್ಟುಕೊಳ್ಳುವುದು ಯಾವ ಬುದ್ಧಿವಂತಿಕೆ? ಹಟ್ಟಿಯವರಿಗೂ ಇದು ಸರಿ ಎನಿಸಿತು. ಎಷ್ಟೋ ಹೆಂಗಸರಿಗೆ ಅಂದು ಹಗುರವಾಯಿತು.

ಮುಂದಿನ ಬೇಸಿಗೆಯಲ್ಲಿ ಸುದ್ದಿ ಬಂತು. ದಿಣ್ಣೆಯ ಮೇಲೆ ಆಳು ಕಾಣಿಸಿದ. ಯಾರೂ ಬಯಲಿಗೆ ಬರಲಿಲ್ಲ. ಬರುವ ಅಗತ್ಯವಿರಲಿಲ್ಲ. ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕಿವಿ ಕೊಟ್ಟರು. ಅವನು ತಲೆಯ ವಸ್ತ್ರ ತೆಗೆದು, ಒಂದು ಹೆಸರು ಕೂಗಿದ.

ಆ ಹೆಸರಿನವನ ಹೆಂಡತಿಯೂ ತನ್ನ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಮಾವ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಅವಳಿಗೆ ಇದ್ದವನು ಅವನೊಬ್ಬನೇ. ಹೆಸರು ಅವಳ ಕಿವಿಗೆ ಬಿತ್ತು. ಬಿದ್ದ ಮರುಗಳಿಗೆಯಲ್ಲೇ ಇನ್ನೊಂದು ಶಬ್ದ ಕೇಳಿಸಿತು. ಅದು ಅಳುವಿನದಲ್ಲ. ಹಟ್ಟಿಯ ಅಷ್ಟೂ ಬಾಗಿಲುಗಳಲ್ಲಿ ಹಿಡಿದುಕೊಂಡಿದ್ದ ಉಸಿರು ಒಟ್ಟಿಗೆ ಹೊರಗೆ ಬಿದ್ದ ಶಬ್ದ.

ಅವರು ಕೆಟ್ಟವರಲ್ಲ, ಮರುಳಸಿದ್ಧ. ಉಸಿರು ಬಿಟ್ಟೆವೆಂದು ಅವರಿಗೇ ತಿಳಿಯಲಿಲ್ಲ. ಒಬ್ಬಳು ಮಗುವನ್ನು ಎತ್ತಿಕೊಂಡಳು. ಒಬ್ಬಳು ದೇವರ ಕಡೆ ಕೈ ಮುಗಿದಳು. ಆಮೇಲೆ, “ಅಯ್ಯೋ ಪಾಪ” ಎಂದು ಎಲ್ಲರೂ ಅವಳ ಮನೆಯ ಕಡೆಗೆ ಬಂದರು. ಬಂದು ಅತ್ತರು ಕೂಡ. ಸುಳ್ಳು ಅಳುವೇನಲ್ಲ. ಆದರೆ ಅವರು ಅವಳಿಗಾಗಿ ಅಳುತ್ತಿದ್ದರು. ಹಿಂದೆ ತಮಗಾಗಿ ಅಳುತ್ತಿದ್ದರು. ಸಂಜೆಗೆ ಒಬ್ಬೊಬ್ಬರೇ ಎದ್ದರು. ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದರಲ್ಲ.

ಮರುದಿನ ಅವಳ ಒಲೆ ತಣ್ಣಗಿತ್ತು. ಉಳಿದ ಮನೆಗಳಲ್ಲಿ ಬೆಂಕಿ ಆರಿರಲೇ ಇಲ್ಲ, ಹೀಗಾಗಿ ಅವಳ ಮನೆಯ ಕೆಂಡ ಯಾರಿಗೂ ಬೇಕಾಗಿರಲಿಲ್ಲ. ಅವಳೇ ಒಂದು ಮಡಕೆಯ ಓಡು ಹಿಡಿದುಕೊಂಡು ಪಕ್ಕದ ಮನೆಗೆ ಕೆಂಡ ಕೇಳಲು ಹೋಗಬೇಕಾಯಿತು.

“ಒಳಗೆ ಬಾರೇ, ರೊಟ್ಟಿ ಸುಟ್ಟಿದೀನಿ, ತಿಂದು ಹೋಗು” ಎಂದಳು ಪಕ್ಕದ ಮನೆಯವಳು.

“ಬೇಡಕ್ಕ. ಎರಡು ಕೆಂಡ ಹಾಕು ಸಾಕು.”

ಕೆಲವು ದಿನ ಕಳೆದ ಮೇಲೆ ಹಿರಿಯಜ್ಜಿ ಅವಳ ಮನೆಗೆ ಹೋಗಿ ಕುಳಿತಳು. ಏನು ಕೇಳಬೇಕೋ ಅಜ್ಜಿಗೆ ತೋಚಲಿಲ್ಲ. ಅವಳೇ ಹೇಳಿದಳು: “ಹೆಸರು ಕೇಳಿದ್ದನ್ನ ತಡಕೊಂಡೆ ಅಜ್ಜಿ. ಗಂಡನ್ನ ಬಾವಿಗೆ ಕಳಿಸಿದವಳು, ಒಂದಲ್ಲ ಒಂದು ದಿನ ಕೇಳ್ತೀನಿ ಅಂತ ಗೊತ್ತಿತ್ತು. ಆದ್ರೆ ಆಮೇಲೆ ಎಲ್ಲರೂ ಉಸಿರು ಬಿಟ್ರಲ್ಲ, ಅದು ಇನ್ನೂ ಕಿವಿಯಲ್ಲೈತೆ.”

“ಬೇಕು ಅಂತ ಬಿಟ್ಟಿದ್ದಲ್ಲ ಕಣೇ.”

“ಗೊತ್ತು. ಅವರ ಬಾಗಿಲಲ್ಲಿ ನಾನಿದ್ದಿದ್ರೆ ನಾನೂ ಬಿಡ್ತಿದ್ದೆ. ಅದಕ್ಕೇ ಯಾರ ಮೇಲೂ ಸಿಟ್ಟು ಮಾಡ್ಕೊಳಾಕೂ ಆಗ್ತಿಲ್ಲ.”

ಅಜ್ಜಿ ಆ ಮಳೆಗಾಲದಲ್ಲಿ ತೀರಿಕೊಂಡಳು. ಅವಳ ಜಾಗಕ್ಕೆ ಯಾರನ್ನೂ ಆರಿಸಲಿಲ್ಲ. ತಲೆಯ ಮೇಲೆ ಇಡುವ ಕೈಗೆ ಕೆಲಸವಿರಲಿಲ್ಲ. ದಿಣ್ಣೆಯ ಕಡೆ ಯಾರಾದರೂ ಕಂಡರೆ ಬಾಗಿಲಿಗೆ ಬಂದು ನಿಲ್ಲುವುದು ಹಟ್ಟಿಯಲ್ಲಿ ರೂಢಿಯಾಯಿತು. ಕೂಗಿದ ಹೆಸರು ತಮ್ಮ ಮನೆಯದಲ್ಲವಾದರೆ ಅಷ್ಟರಮಟ್ಟಿಗೆ ಅಂದಿನ ದಿನ ಒಳ್ಳೆಯದು. ಹಟ್ಟಿಯ ಹಗ್ಗಗಳನ್ನು ಹೆಂಗಸರೇ ಹೊಸೆಯುತ್ತಿದ್ದರು. ಮುಂಚೆ ಅದು ಎಲ್ಲರ ಹಗ್ಗ. ಯಾರು ಇಳಿಯುತ್ತಾರೋ ಯಾರಿಗೆ ಗೊತ್ತು ಎಂದು ಎಲ್ಲರೂ ಎಳೆದು ನೋಡುತ್ತಿದ್ದರು. ಈಗ, “ನಿನ್ನ ಗಂಡನ ಹಗ್ಗ ನೀನು ನೋಡ್ಕೊಳ್ಳೇ, ನನ್ನ ಮಗನದ್ದು ನಾನು ನೋಡ್ಕೊಂಡಿದೀನಿ” ಎಂಬ ಮಾತು ಒಂದೆರಡು ಬಾರಿ ಕೇಳಿಸಿತು.

ಯಜಮಾನನ ಸೊಸೆ ಮತ್ತೆ ಬಸುರಿಯಾದಳು. ಅವಳ ಗಂಡ ಎಂದಿನಂತೆ ಉಳಿದವರ ಜೊತೆ ಬಾವಿಯ ಕೆಲಸಕ್ಕೆ ಹೋದ. ಯಜಮಾನ ಸೊಸೆಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ.

ಗಂಡನನ್ನು ಕಳೆದುಕೊಂಡ ಆ ಹೆಂಗಸು ಒಂದು ದಿನ ದಿಣ್ಣೆಯ ಆಚೆ ಬದಿಯಲ್ಲಿ ಸೌದೆ ಆರಿಸುತ್ತಿದ್ದಳು. ದಾರಿಯಲ್ಲಿ ಒಬ್ಬ ಬರುವುದು ಕಂಡಿತು. ಸುದ್ದಿ ತಂದವನೆಂದು ನಡಿಗೆಯಲ್ಲೇ ಅವಳಿಗೆ ಗೊತ್ತಾಯಿತು. ಸೌದೆ ಅಲ್ಲೇ ಬಿಟ್ಟು ಅವನಿಗೆ ಅಡ್ಡ ನಿಂತಳು.

“ಯಾರು?” ಎಂದಳು.

ಅವನು ಹೇಳಿದ.

ಹಟ್ಟಿಯ ಅಷ್ಟೂ ಹೆಂಗಸರಲ್ಲಿ ಆ ಹೆಸರು ಈಗ ಅವಳೊಬ್ಬಳಿಗೇ ಗೊತ್ತು. ಆ ಹೆಸರು ಅವಳ ಮನೆಯದಲ್ಲ. ಇನ್ನು ಮೇಲೆ ಯಾವ ಹೆಸರೂ ಅವಳದಾಗುವಂತಿಲ್ಲ. ದಿಣ್ಣೆಯ ಮೇಲಿಂದ ಏನು ಕೂಗಿದರೂ ಉಸಿರು ಬಿಟ್ಟು ಸೌದೆ ಆರಿಸಲು ಹೋಗಬಹುದಾದವಳು ಹಟ್ಟಿಯಲ್ಲಿ ಅವಳೊಬ್ಬಳೇ.

“ನೀನು ಇಲ್ಲೇ ಕೂತ್ಕೋ” ಎಂದಳು ಅವನಿಗೆ. “ದೂರದಿಂದ ನಡೆದಿದೀಯ. ಮೊದಲು ನೀರು ಕುಡಿ.”

“ಕೂಗಬೇಕಲ್ಲಕ್ಕ. ಯಜಮಾನರ ಅಪ್ಪಣೆ.”

“ನಾನು ಹೇಳ್ತೀನಿ. ನೀನು ಕೂತ್ಕೋ.”

ಅವಳು ಹಟ್ಟಿಯೊಳಗೆ ಹೋದಳು. ಮನೆಮನೆಯ ಮುಂದೆ ನಿಂತು, “ಎಲ್ಲ ಬಯಲಿಗೆ ಬನ್ನಿ” ಎಂದು ಕರೆದಳು. ಏನು, ಯಾಕೆ ಎಂದು ಕೇಳಿದವರಿಗೆ, “ಬನ್ನಿ” ಎಂದಷ್ಟೇ ಹೇಳಿದಳು. ಯಜಮಾನನ ಮನೆಗೆ ಹೋಗಿ ಸೊಸೆಯ ಕೈ ಹಿಡಿದು ಎಬ್ಬಿಸಿ, ನಿಧಾನವಾಗಿ ನಡೆಸಿಕೊಂಡು ಬಂದು, ಹೆಂಗಸರ ನಡುವೆ ಒಬ್ಬಳಿಗೆ ಒರಗಿಸಿ ಕೂರಿಸಿದಳು. ಇನ್ನಿಬ್ಬರನ್ನು ಅವಳ ಅಕ್ಕಪಕ್ಕದಲ್ಲಿ ಕೂರಿಸಿದಳು. ಎಲ್ಲರೂ ಕೂತರೆಂದು ನೋಡಿಕೊಂಡಳು. ಒಳಗೆ ಒಬ್ಬಳೇ ಉಳಿದವಳು ಯಾರೂ ಇಲ್ಲವೆಂದು ಮತ್ತೊಮ್ಮೆ ನೋಡಿಕೊಂಡಳು. ಆಮೇಲೆ ತನ್ನ ಮನೆಯೊಳಗೆ ಹೋದಳು. ಒಲೆಗೆ ನೀರು ಹಾಕಿದ ಸದ್ದು ಹೊರಗೆ ಕೂತವರಿಗೆ ಕೇಳಿಸಿತು. ಹೊಗೆ ಬಾಗಿಲಿಂದ ಹೊರಗೆ ಬಂತು. ಅದರ ಹಿಂದೆ ಅವಳೂ ಬಂದಳು.

“ನಮ್ಮವನೊಬ್ಬ ಹೋದ” ಎಂದಳು.

ಎಷ್ಟೋ ದಿನದಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಯಜಮಾನ ಎದ್ದು ನಿಂತ.

“ಹೆಸರು ಹೇಳು” ಎಂದ.

“ನಮ್ಮವನು, ಮಾವ.”

“ಅದೇ, ಯಾರು? ಯಾರ ಮನೆಯವನು?”

“ನಮ್ಮ ಮನೆಯವನು.”

“ನನ್ನ ಸೊಸೆ ಇಲ್ಲಿ ಬಸುರಿ ಕೂತಿದಾಳೆ. ಇನ್ನೊಂದು ಸಲ ಅದೇ ಆಟ ಬೇಡ. ನನ್ನ ಮಗನಾದ್ರೆ ನನ್ನ ಮಗ ಅನ್ನು, ಅಲ್ಲವಾದ್ರೆ ಅಲ್ಲ ಅನ್ನು.”

“ನಮ್ಮ ಮನೆಯವನೇ, ಮಾವ” ಎಂದಳು ಅವಳು.

“ನಿನ್ನ ಮನೆಯಲ್ಲಿ ಸಾಯೋಕೆ ಇನ್ನು ಯಾರಿದಾರೆ ಅಂತ ನಮ್ಮ ಮನೆ ಅಂತೀಯ?” ಎಂದುಬಿಟ್ಟ ಯಜಮಾನ. ಅಂದ ಮೇಲೆ ಏನು ಅಂದೆನೆಂದು ಅವನಿಗೇ ಕೇಳಿಸಿತು. ಕೂತವರೆಲ್ಲ ನೆಲ ನೋಡಿದರು.

ಅವಳು ಸಿಟ್ಟಾಗಲಿಲ್ಲ. “ಯಾರೂ ಇಲ್ಲ, ಮಾವ” ಎಂದಳು. “ಅದಕ್ಕೇ ಮೊದಲು ನನ್ನ ಒಲೆ ಆರಿಸಿ ಬಂದೆ. ಇಲ್ಲದೋಳೇ ಆರಿಸಿದ ಮೇಲೆ, ಇರೋರಿಗೆ ಆರಿಸೋದು ಕಷ್ಟ ಆಗಲ್ಲ.”

ಯಜಮಾನ ನಿಂತೇ ಇದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಹೆಸರು. ತನ್ನ ಮಗನ ಹೆಸರನ್ನು ಬಿಟ್ಟು ಯಾವುದಾದರೂ ಆದೀತು. ಬಯಲಿನಲ್ಲಿ ಕೂತ ಪ್ರತಿಯೊಬ್ಬಳಿಗೂ ಬೇಕಾಗಿದ್ದದ್ದು ಅದೇ, ಒಂದು ಹೆಸರನ್ನು ಬಿಟ್ಟು ಯಾವುದಾದರೂ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ತಾನು ಯಾವ ಹೆಸರನ್ನು ಬಯಸಿದರೂ ಆ ಹೆಸರಿನವನ ಮನೆಯವಳು ಇಲ್ಲೇ, ಕಣ್ಣ ಮುಂದೆ ಕೂತಿದ್ದಾಳೆ.

ಅವನು ಯಾರಿಗೂ ಏನೂ ಹೇಳದೆ ತನ್ನ ಮನೆಗೆ ಹೋದ. ಒಲೆಗೆ ನೀರು ಬಿದ್ದ ಸದ್ದು ಕೇಳಿಸಿತು. ಮರಳಿ ಬಂದು, ಮುದುಕರ ಸಾಲಿನಲ್ಲಿ, ನೆಲದ ಮೇಲೆ ಕೂತ. ಆಗ ಹೆಂಗಸರಲ್ಲಿ ಒಬ್ಬಳು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಮನೆಮನೆಯಿಂದಲೂ ಹೊಗೆ ಬಂದು ನಿಂತಿತು. ಎಲ್ಲರೂ ಮರಳಿ ಬಂದು ಒಬ್ಬರಿಗೊಬ್ಬರು ತಗುಲಿಕೊಂಡು ಕೂತರು. ಒಬ್ಬಳು ಪಕ್ಕದವಳ ಕೈ ಹಿಡಿದುಕೊಂಡಳು. ಆ ಪಕ್ಕದವಳ ಜೊತೆ ಅವಳಿಗೆ ಹಗ್ಗದ ವಿಷಯಕ್ಕೆ ಮಾತು ಬಿಟ್ಟಿತ್ತು. ಯಜಮಾನನ ಸೊಸೆ ಅಳತೊಡಗಿದಳು. ಅವಳನ್ನು ಹಿಡಿದಿದ್ದವಳೂ ಅತ್ತಳು. ಅಳು ಹಟ್ಟಿಯನ್ನೆಲ್ಲ ತುಂಬಿತು. ಇಂಥವನಿಗಾಗಿ ಎಂದು ಹೇಳುವಂತಿರಲಿಲ್ಲ. ಇಂಥವನಿಗಲ್ಲ ಎಂದೂ ಹೇಳುವಂತಿರಲಿಲ್ಲ.

ಆಗ ಸುದ್ದಿ ಹೇಳಿದವಳು ಎದ್ದು, ಹಿರಿಯಜ್ಜಿ ನಡೆಯುತ್ತಿದ್ದ ಹಾಗೆಯೇ, ಕೂತವರ ಹಿಂದುಗಡೆಯಿಂದ ನಡೆಯತೊಡಗಿದಳು. ಯಾರೂ ತಿರುಗಿ ನೋಡಲಿಲ್ಲ. ಅವಳ ಹೆಜ್ಜೆ ಎಲ್ಲಿ ನಿಲ್ಲುತ್ತದೆಂದು ಎಲ್ಲರೂ ಬೆನ್ನಿನಲ್ಲೇ ಕೇಳುತ್ತಿದ್ದರು. ಹೆಜ್ಜೆ ನಿಂತಿತು. ಅವಳು ಕೈ ಮುಂದೆ ಚಾಚಿದಳು.

ಇಷ್ಟು ಹೇಳಿ ಗುರುಗಳು ಸುಮ್ಮನಾದರು. ಮೊರದಲ್ಲಿದ್ದ ದಂಟಿನ ಕಡ್ಡಿಗಳನ್ನು ಒಂದು ಬದಿಗೆ ಸರಿಸಿದರು. ಗುರುಶಾಂತಪ್ಪನ ಕೈ ಆಗಲೇ ನಿಂತಿತ್ತು. ಮರುಳಸಿದ್ಧ ಕಾದ. ಕತೆ ಮುಂದೆ ಹೋಗಲಿಲ್ಲ.

“ಆಮೇಲೆ, ಬುದ್ಧಿ?” ಎಂದ. ಗುರುಗಳು ಉಳಿದ ಸೊಪ್ಪು ಬಿಡಿಸತೊಡಗಿದರು. ಅವನಿಗೆ ತಡೆಯಲಾಗಲಿಲ್ಲ. “ಕೈ ಯಾರ ತಲೆಯ ಮೇಲೆ ಬಿತ್ತು? ಯಜಮಾನನ ಸೊಸೆಯದೇ? ಸತ್ತವನು ಯಾರು? ಅದೊಂದು ಹೇಳಿಬಿಡಿ.”

ಗುರುಗಳು ಅವನ ಮುಖ ನೋಡಿದರು.

“ಹೇಳಿಬಿಟ್ಟರೆ, ಉಳಿದ ಮನೆಗಳ ಪಾಲಿಗೆ ನೀನು ಉಸಿರು ಬಿಡುತ್ತೀಯಲ್ಲಪ್ಪ.”